ತಾಯಿ ಚಿಟ್ಟೆಯ ಪರೀಕ್ಷೆ



ಪ್ರಯೋಗಶಾಲೆಯ ಪರೀಕ್ಷೆ ಎಂದೊಡನೆ ಪಟ್ಟಣವಾಸಿಗಳಾದ ನಮಗೆ ಆಸ್ಪತ್ರೆಯ ಹಜಾರ, ಬೆರಳಿಗೆ ಚುಚ್ಚುವ ಸೂಜಿ, ಹೆಸರಿನ ಚೀಟಿ ಅಂಟಿಸಿದ ಸೀಸೆ, ಸಂಜೆಯ ಹೊತ್ತಿಗೆ ಕೈಸೇರುವ ಒಂದು ಕಾಗದ, ಇವು ನೆನಪಿಗೆ ಬರುತ್ತವೆ. ಆ ಕಾಗದದಲ್ಲಿ ಬರೆದಿರುವುದರ ಅರ್ಥ ತಿಳಿಯದಿದ್ದರೂ ಅದರ ಮೇಲೆ ನಮಗೆ ವಿಶ್ವಾಸವಿದೆ. ಈ ವಿಶ್ವಾಸವು ನಮ್ಮ ಪೂರ್ವಿಕರಿಂದ ಬಂದದ್ದಲ್ಲ. ಅದಕ್ಕೆ ನೂರೈವತ್ತು ವರ್ಷಗಳಿಗಿಂತ ಹೆಚ್ಚು ವಯಸ್ಸಿಲ್ಲ. ಕಣ್ಣಿಗೆ ಕಾಣದ ಒಂದು ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ರೋಗ, ಇದು ರೋಗವಲ್ಲ ಎಂದು ನಿರ್ಣಯಿಸಿ, ಆ ನಿರ್ಣಯವನ್ನು ಸಾವಿರಾರು ಸಂಸಾರಗಳು ತಮ್ಮ ಜೀವನಕ್ಕೆ ಆಧಾರವಾಗಿ ಇಟ್ಟುಕೊಂಡದ್ದು ಮೊಟ್ಟಮೊದಲು ಮನುಷ್ಯನ ರೋಗದ ವಿಷಯದಲ್ಲಿಯೂ ಅಲ್ಲ. ಅದು ರೇಷ್ಮೆಹುಳುವಿನ ವಿಷಯದಲ್ಲಿ. ಆದಕಾರಣ ಈ ಚರಿತ್ರೆಯನ್ನು ಹೇಳುವುದಕ್ಕೆ ಆಸ್ಪತ್ರೆಯಿಂದ ಹೊರಡುವುದಕ್ಕಿಂತ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಹೊರಡುವುದು ಉಚಿತವೆಂದು ನನಗೆ ತೋರುತ್ತದೆ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಈ ನಾಲ್ಕು ತಾಲ್ಲೂಕುಗಳು ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದು, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ನಂದಿಬೆಟ್ಟದ ಸುತ್ತಿನಲ್ಲಿ ಹಲವು ನದಿಗಳು ಹುಟ್ಟುತ್ತವೆಂದು ಬಾಲ್ಯದಲ್ಲಿ ಭೂಗೋಳದ ಪಾಠದಲ್ಲಿ ಓದಿದ್ದೇವೆ. ಹುಟ್ಟುತ್ತವೆ, ನಿಜ, ಆದರೆ ತವರಿನಲ್ಲಿ ನಿಲ್ಲುವುದಿಲ್ಲ. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ರೈತನ ಜೀವನವು ಕೆರೆಯನ್ನೂ ಬಾವಿಯನ್ನೂ, ಈಚೆಗೆ ಕೊಳವೆ ಬಾವಿಯನ್ನೂ ನಂಬಿ ನಡೆದಿದೆ. ಇರುವ ಅಲ್ಪ ನೀರಿನಲ್ಲಿ ಹಿಪ್ಪುನೇರಳೆ ಬೆಳೆದು, ಸೊಪ್ಪನ್ನು ಹುಳುವಿಗೆ ಹಾಕಿ, ಒಂದು ತಿಂಗಳೊಳಗೆ ಕೈಯಲ್ಲಿ ನಗದು ಕಾಣುವ ಕಸುಬು ಇಲ್ಲಿ ಬೇರೂರಿದ್ದು ಆಶ್ಚರ್ಯವಲ್ಲ. ಮಗಳ ಮದುವೆಯೂ, ಮಗನ ಶಾಲೆಯ ಶುಲ್ಕವೂ, ಅಂಗಡಿಯ ಸಾಲವೂ ಮುಂದಿನ ಗೂಡಿನ ಬೆಳೆಯ ಮೇಲೆ ನಿಂತಿರುತ್ತವೆ. ಆ ಬೆಳೆ ಕೆಟ್ಟರೆ ಇವೆಲ್ಲವೂ ಒಟ್ಟಿಗೆ ಕೆಡುತ್ತವೆ.

ಹುಳುವಿನ ಜೀವಿತ ಸುಮಾರು 25 ರಿಂದ 27 ದಿನಗಳದು. ಇಷ್ಟರೊಳಗೆ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ಹುಳು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ನಿಶ್ಚಲವಾಗಿ ಕೂರುತ್ತದೆ. ಇದನ್ನು ನಮ್ಮ ರೈತರು ಜ್ವರವೆಂದು ಕರೆಯುತ್ತಾರೆ: ಮೊದಲನೆಯ ಜ್ವರ, ಎರಡನೆಯ ಜ್ವರ, ಹೀಗೆ. ಈ ಜ್ವರವು ರೋಗವಲ್ಲ, ಬೆಳವಣಿಗೆಯ ಲಕ್ಷಣ. ನಿಜವಾದ ರೋಗಗಳಿಗೆ ಬೇರೆ ಹೆಸರುಗಳುಂಟು: ಹಾಲಿನಂತಹ ರಸ ಸುರಿಯುವ ಹಾಲುತೊಂಡೆ, ಹುಳು ಸೊರಗಿ ಮೆತ್ತಗಾಗುವ ಸಪ್ಪೆರೋಗ, ಸತ್ತ ಹುಳು ಬೆಳ್ಳಗೆ ಗಟ್ಟಿಯಾಗುವ ಸುಣ್ಣಕಟ್ಟು, ಮತ್ತು ಗಂಟುರೋಗ. ಕೊನೆಯದನ್ನು ಐರೋಪ್ಯರು ಪೆಬ್ರಿನ್ ಎನ್ನುತ್ತಾರೆ. ನಾಲ್ಕರಲ್ಲಿ ಎರಡು ಮನುಷ್ಯಜಾತಿಗೆ ರೋಗಶಾಸ್ತ್ರದ ಮೊದಲ ಪಾಠಗಳನ್ನು ಕಲಿಸಿದವು.

ಮೊದಲು ಸುಣ್ಣಕಟ್ಟಿನ ವಿಷಯ. ಇಟಲಿ ದೇಶದ ಲೋದಿ ಪಟ್ಟಣದ ಬಳಿ ಅಗಸ್ತೀನೊ ಬಾಸ್ಸಿ ಎಂಬ ಗೃಹಸ್ಥನಿದ್ದನು. ಓದಿದ್ದು ಕಾನೂನು; ಆಸಕ್ತಿ ಪ್ರಕೃತಿಶಾಸ್ತ್ರದಲ್ಲಿ; ಕಣ್ಣಿನ ದೃಷ್ಟಿ ದಿನೇ ದಿನೇ ಕುಂದುತ್ತಿತ್ತು. ಆ ಸೀಮೆಯ ರೇಷ್ಮೆಹುಳುಗಳಿಗೆ ಬಂದ ಬಿಳಿಯ ರೋಗವನ್ನು ಅವನು 1807ರಿಂದ ಸುಮಾರು 25 ವರ್ಷಗಳ ಕಾಲ ಬೆನ್ನುಹತ್ತಿ, ಅದಕ್ಕೆ ಒಂದು ಜೀವಂತ ಬೂಷ್ಟೇ ಕಾರಣವೆಂದೂ, ಅದು ಸತ್ತ ಹುಳುವಿನಿಂದ ಬದುಕಿರುವ ಹುಳುವಿಗೆ ಅಂಟುತ್ತದೆಂದೂ ತೋರಿಸಿ, 1835ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಒಂದು ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿಯು ಕಾರಣವೆಂದು ಪ್ರಯೋಗದಿಂದ ಸಿದ್ಧಪಡಿಸಿದ ಮೊದಲ ಗ್ರಂಥವಿದು. ಜರ್ಮನಿಯ ಕೋಖನು ಕ್ಷಯದ ಕ್ರಿಮಿಯನ್ನು ಜಗತ್ತಿಗೆ ತಿಳಿಸಿದ್ದು 1882ರಲ್ಲಿ. ಬಾಸ್ಸಿ ಅವನಿಗಿಂತ ಅರ್ಧ ಶತಮಾನ ಮುಂಚಿನವನು. ಇಲ್ಲಿ ಒಂದು ಸ್ವಾರಸ್ಯವಿದೆ. ಇಟಲಿಯ ರೈತರು ಆ ರೋಗಕ್ಕೆ ಇಟ್ಟ ಹೆಸರೂ ಸುಣ್ಣವೆಂಬ ಪದದಿಂದಲೇ ಹುಟ್ಟಿದೆ. ಒಬ್ಬರ ಮಾತನ್ನು ಒಬ್ಬರು ಕೇಳದ ಎರಡು ನಾಡಿನ ರೈತರು ಸತ್ತ ಹುಳುವನ್ನು ಕೈಯಲ್ಲಿ ಹಿಡಿದು ಒಂದೇ ಉಪಮಾನವನ್ನು ಕಂಡುಕೊಂಡರು.

ಗಂಟುರೋಗದ ಕಥೆ ಇದಕ್ಕಿಂತ ದೊಡ್ಡದು. 19ನೆಯ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ದಕ್ಷಿಣ ಪ್ರಾಂತಗಳು ರೇಷ್ಮೆಯಿಂದ ಸಂಪನ್ನವಾಗಿದ್ದವು. 1853ರಲ್ಲಿ ಆ ದೇಶದಲ್ಲಿ 2 ಕೋಟಿ 60 ಲಕ್ಷ ಕಿಲೋಗ್ರಾಂ ಗೂಡು ಬಂದಿತ್ತು. 1865ರ ವೇಳೆಗೆ ಅದು 40 ಲಕ್ಷಕ್ಕೆ ಇಳಿಯಿತು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಏಳುತ್ತಿದ್ದವು. ಮೆಣಸು ಎಂಬರ್ಥದ ಆ ಪ್ರಾಂತದ ಮಾತಿನಿಂದಲೇ ಪೆಬ್ರಿನ್ ಎಂಬ ಹೆಸರು ಬಂದಿತು. ರೋಗಿಷ್ಠ ಹುಳುಗಳ ಮೈಯಲ್ಲಿ ಹೊಳೆಯುವ ಅಂಡಾಕಾರದ ಕಣಗಳಿರುವುದನ್ನು ಕೆಲವು ವಿದ್ವಾಂಸರು ಆಗಲೇ ನೋಡಿದ್ದರು. 1857ರಲ್ಲಿ ನೇಗೆಲಿ ಎಂಬಾತನು ಅವಕ್ಕೆ ನೊಸೀಮ ಬಾಂಬಿಸಿಸ್ ಎಂದು ನಾಮಕರಣವನ್ನೂ ಮಾಡಿದ್ದನು. ಆದರೆ ಆ ಕಣಗಳು ರೋಗದ ತಂದೆಯೋ ಮಗುವೋ ಎಂಬುದು ಯಾರಿಗೂ ನಿಶ್ಚಯವಿರಲಿಲ್ಲ.

1865ರಲ್ಲಿ ರಸಾಯನಶಾಸ್ತ್ರಜ್ಞ ದ್ಯೂಮಾ ಎಂಬಾತನು ತನ್ನ ಶಿಷ್ಯನಾಗಿದ್ದ ಲೂಯಿ ಪಾಶ್ಚರನನ್ನು ಈ ಕಾರ್ಯಕ್ಕೆ ನಿಯಮಿಸುವಂತೆ ಮಾಡಿದನು. ಪಾಶ್ಚರನು ಅದುವರೆಗೆ ರೇಷ್ಮೆಹುಳುವನ್ನು ಕೈಯಿಂದ ಮುಟ್ಟಿದವನಲ್ಲ. ಪ್ರಸಿದ್ಧ ಕೀಟಶಾಸ್ತ್ರಜ್ಞ ಫಾಬ್ರನು ಬರೆದಿಟ್ಟಿರುವಂತೆ, ಆತನು ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ವಿಸ್ಮಯಪಟ್ಟನಂತೆ. ಶಿಡ್ಲಘಟ್ಟದ ಆರು ವರ್ಷದ ಹುಡುಗಿಯೂ ಈ ಪ್ರಶ್ನೆ ಕೇಳಿ ನಕ್ಕಾಳು. ಆದರೆ ಇಷ್ಟು ತಿಳಿಯದವನೇ ಆ ವರ್ಷ ಅಲೆಸ್ ಪಟ್ಟಣಕ್ಕೆ ಹೋಗಿ ಕೆಲಸಕ್ಕೆ ಕುಳಿತನು.

ಕುಳಿತವನು ಮೊದಲು ತಪ್ಪಿದನು. ಇದನ್ನು ನಾನು ಒತ್ತಿ ಹೇಳುವುದು ಉದ್ದೇಶಪೂರ್ವಕ. ಮಹಾಪುರುಷರ ಚರಿತ್ರೆ ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಕಣಗಳು ರೋಗದ ಕಾರಣವಲ್ಲ, ರೋಗದಿಂದ ಹುಳುವಿನ ಅಂಗಾಂಶ ಕೆಟ್ಟು ಹುಟ್ಟುವ ವಿಕಾರವಷ್ಟೇ ಎಂದು ಆತನು ಸುಮಾರು ಎರಡು ವರ್ಷ ಭಾವಿಸಿದ್ದನು. ಕಣಗಳಿಲ್ಲದ ಹುಳುಗಳೂ ಸಾಯುತ್ತಿದ್ದವು, ಕಣಗಳಿದ್ದ ಹುಳುಗಳೂ ಕೆಲವೊಮ್ಮೆ ಗೂಡು ಕಟ್ಟುತ್ತಿದ್ದವು, ಲೆಕ್ಕ ಹೊಂದುತ್ತಿರಲಿಲ್ಲ. ಕಾಯಿಲೆಯ ಹುಳುವನ್ನು ಅರೆದು ಸೊಪ್ಪಿಗೆ ಸವರಿ ಆರೋಗ್ಯವಂತ ಹುಳುಗಳಿಗೆ ತಿನ್ನಿಸಿ, ಒಂದೊಂದನ್ನೂ ಎಡೆಬಿಡದೆ ನೋಡಿದ ಮೇಲೆ ಎರಡು ಸಂಗತಿಗಳು ಹೊಳೆದವು. ಒಂದು, ಅಲ್ಲಿದ್ದದ್ದು ಒಂದು ರೋಗವಲ್ಲ, ಎರಡು. ಕಣಗಳಿಲ್ಲದೆ ಸಾಯುತ್ತಿದ್ದ ಹುಳುಗಳಿಗೆ ನಾವು ಸಪ್ಪೆರೋಗವೆನ್ನುವ ಬೇರೆ ವ್ಯಾಧಿ ಇತ್ತು. ಎರಡು, ಹುಳು ತನ್ನ ಜೀವಿತದ ಕೊನೆಯ ಭಾಗದಲ್ಲಿ ಸೋಂಕಿಗೆ ಒಳಗಾದರೆ ಸಾಯುವುದಿಲ್ಲ. ಗೂಡು ಕಟ್ಟಿ, ಚಿಟ್ಟೆಯಾಗಿ ಹೊರಬಂದು, ಮೊಟ್ಟೆಗಳಲ್ಲಿ ರೋಗವನ್ನು ಇಟ್ಟು ಹೋಗುತ್ತದೆ. ಅಂಥ ಮೊಟ್ಟೆಯಿಂದ ಬಂದ ಮರಿಗಳು ಎಳೆಯದರಲ್ಲಿಯೇ ನಾಶವಾಗುತ್ತವೆ. ಚೆನ್ನಾಗಿ ಕಂಡ ಗೂಡನ್ನು ಬಿತ್ತನೆಗೆ ಆರಿಸಿದ ರೈತನು ಮೋಸಹೋಗುತ್ತಿದ್ದುದಕ್ಕೆ ಇದೇ ಕಾರಣ.

ಹಾಗಾದರೆ ಪರೀಕ್ಷಿಸಬೇಕಾದದ್ದು ಹುಳುವನ್ನಲ್ಲ, ಮೊಟ್ಟೆಯನ್ನೂ ಅಲ್ಲ, ತಾಯಿಯನ್ನು. ಪ್ರತಿಯೊಂದು ಹೆಣ್ಣುಚಿಟ್ಟೆಯನ್ನೂ ಪ್ರತ್ಯೇಕವಾಗಿ ಇರಿಸಿ ಮೊಟ್ಟೆ ಇಡಿಸಬೇಕು; ತರುವಾಯ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು; ಕಣ ಕಂಡರೆ ಅವಳ ಮೊಟ್ಟೆಗಳನ್ನು ಸುಡಬೇಕು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ನಮ್ಮ ಗಾದೆಯನ್ನು ಪಾಶ್ಚರನು ಕೇಳಿರಲಾರನು. ಕೇಳಿದ್ದರೆ ತನ್ನ ಗ್ರಂಥದ ಮುಖಪುಟದಲ್ಲಿ ಹಾಕಿಸಿಕೊಳ್ಳುತ್ತಿದ್ದನೇನೋ.

ಜನರನ್ನು ನಂಬಿಸಲು ಆತನು ಮಾಡಿದ ಉಪಾಯ ರಮ್ಯವಾದದ್ದು. 1866ರಲ್ಲಿ 14 ತಂಡದ ಮೊಟ್ಟೆಗಳ ತಾಯಿ ಚಿಟ್ಟೆಗಳನ್ನು ಪರೀಕ್ಷಿಸಿ, ಮುಂದಿನ ವರ್ಷ ಯಾವ ಯಾವ ತಂಡದ ಗತಿ ಏನಾಗುವುದೆಂದು ಕಾಗದದಲ್ಲಿ ಬರೆದು, ಮುದ್ರೆಯೊತ್ತಿ ಸೇಂಟ್ ಹಿಪ್ಪೊಲೀಟ್ ಊರಿನ ಪುರಪ್ರಮುಖನ ಕೈಗೆ ಕೊಟ್ಟನು. 1867ರಲ್ಲಿ ಬೆಳೆ ಮುಗಿದ ಮೇಲೆ ಲಕೋಟೆಯನ್ನು ಒಡೆದರು. 12 ತಂಡಗಳಲ್ಲಿ ಬರೆದಂತೆಯೇ ನಡೆದಿತ್ತು. ಉಳಿದೆರಡರಲ್ಲಿ ಅಂದುಕೊಂಡದ್ದಕ್ಕಿಂತ ಬೆಳೆ ಸ್ವಲ್ಪ ಮೇಲಾಗಿತ್ತು. ಜ್ಯೋತಿಷ್ಯ ಹೇಳುವವರು ನಮ್ಮಲ್ಲಿ ಬಹು ಮಂದಿ ಇದ್ದಾರೆ. ಹೇಳಿದ್ದನ್ನು ಮುದ್ರೆಯೊತ್ತಿ ಊರ ಹಿರಿಯನಿಗೆ ಒಪ್ಪಿಸುವವರು ವಿರಳ. 1868ರ ಅಕ್ಟೋಬರಿನಲ್ಲಿ ಪಾಶ್ಚರನಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಆದಾಗ್ಯೂ 1870ರಲ್ಲಿ ರೇಷ್ಮೆಹುಳುವಿನ ರೋಗದ ಮೇಲಣ ಗ್ರಂಥವು ಹೊರಬಿತ್ತು.

ಈಗ ನಮ್ಮ ಸಂಸ್ಥಾನಕ್ಕೆ ಬರೋಣ. ಮೈಸೂರಿನಲ್ಲಿ ರೇಷ್ಮೆಯನ್ನು ನೆಲೆಗೊಳಿಸಿದ ಕೀರ್ತಿ ಟಿಪ್ಪು ಸುಲ್ತಾನನದು. ಬಂಗಾಳದಿಂದ ತರಿಸುವ ಹುಳುಗಳಿಗೆ ತಕ್ಕ ಸ್ಥಳವನ್ನು ಸಿದ್ಧಪಡಿಸುವಂತೆ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ 1786ರಲ್ಲಿ ಆತನು ಬರೆಸಿದ ಪತ್ರ ಉಳಿದಿದೆ. ಮುಂದೆ 1860ರ ದಶಕದಲ್ಲಿ ಹುಳುವಿನ ರೋಗವು ಇಲ್ಲಿಯೂ ಬಲವಾಗಿ ಹಬ್ಬಿತು. ಸಿನ್ಯೋರ್ ದೆ ವೆಕ್ಕಿ ಎಂಬ ಇಟಲಿಯ ಗೃಹಸ್ಥನು ಜಪಾನಿನಿಂದ ಹೊಸ ಮೊಟ್ಟೆಗಳನ್ನು ತರಿಸಿ ಶ್ರಮಪಟ್ಟನು. ಆ ಪ್ರಯತ್ನ ನೆಲೆನಿಲ್ಲಲಿಲ್ಲ. ಅದೇ ದಶಕದಲ್ಲಿ ಅಲೆಸಿನ ಒಂದು ಮನೆಯಲ್ಲಿ ಅದಕ್ಕೆ ಉತ್ತರ ಸಿದ್ಧವಾಗುತ್ತಿತ್ತು. ಆ ಉತ್ತರ ಮೈಸೂರಿನ ರೈತನ ಮನೆಯ ಬಾಗಿಲಿಗೆ ಬರಲು ಎರಡು ತಲೆಮಾರು ಹಿಡಿಯಿತು.

19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಸೆಟ್‌ಜಿ ಟಾಟಾರವರು ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ಒಂದು ರೇಷ್ಮೆ ಕ್ಷೇತ್ರವನ್ನು ಸ್ಥಾಪಿಸಿದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಾಗಿ ಅದು ಇನ್ನೂ ಉಳಿದಿದೆ. ಅಲ್ಲಿ ವಾಸಿಸುವವರಲ್ಲಿ ಎಷ್ಟು ಮಂದಿ ಹುಳುವನ್ನು ನೋಡಿದ್ದಾರೋ ನಾನರಿಯೆ. ತರುವಾಯ, ಚಿಕ್ಕಬಳ್ಳಾಪುರದ ನೆರೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1912 ರಿಂದ 1918ರ ವರೆಗೆ ದಿವಾನರಾಗಿದ್ದ ಕಾಲದಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರ ಸಲಹೆ ಪಡೆದು, ರೇಷ್ಮೆಗೆ ಒಂದು ಇಲಾಖೆಯೂ, ಚನ್ನಪಟ್ಟಣದಲ್ಲಿ ಸರ್ಕಾರಿ ಕ್ಷೇತ್ರವೂ ಏರ್ಪಟ್ಟವು. ಆ ಇಲಾಖೆಯನ್ನು ಬಹುಕಾಲ ನಡೆಸಿದವರು ನವರತ್ನ ರಾಮರಾಯರು. ‘ಕೆಲವು ನೆನಪುಗಳು’ ಗ್ರಂಥದ ಕರ್ತೃವಾಗಿ ಕನ್ನಡಿಗರು ಅವರನ್ನು ಬಲ್ಲರು. ರೇಷ್ಮೆಯ ರೈತರು ಅವರಿಗೆ ಸಲ್ಲಿಸಬೇಕಾದ ಋಣ ಬೇರೆ ಇದೆ.

ಅಂದಿನ ಪದ್ಧತಿ ಹೇಗಿತ್ತೆಂದರೆ, ರೈತನು ಬಿತ್ತನೆ ಗೂಡುಗಳನ್ನು ಕೊಂಡುತಂದು ಮನೆಯಲ್ಲಿಯೇ ಚಿಟ್ಟೆ ಹೊರಡಿಸಿ, ಮೊಟ್ಟೆ ಇಡಿಸಿಕೊಳ್ಳುತ್ತಿದ್ದನು. ಗೂಡಿನ ತೂಕ, ಬಣ್ಣ, ಗಡಸುತನ ನೋಡಿ ಆರಿಸುತ್ತಿದ್ದನು. ಬೆಳೆ ಕೆಟ್ಟರೆ ದೃಷ್ಟಿ ತಗುಲಿತೆನ್ನುತ್ತಿದ್ದನು. ಹುಳುಮನೆಗೆ ಹೊರಗಿನವರನ್ನು ಬಿಡಬಾರದು, ಕೈಕಾಲು ತೊಳೆಯದೆ ಒಳಗೆ ಕಾಲಿಡಬಾರದು ಎಂಬ ಕಟ್ಟುಗಳು ಅನೇಕ ಮನೆಗಳಲ್ಲಿದ್ದವು. ವಿದ್ಯಾವಂತರಾದ ನಾವು ಇವನ್ನು ಕೇಳಿ ನಗುವುದಕ್ಕೆ ಮುಂಚೆ ಸ್ವಲ್ಪ ಯೋಚಿಸಬೇಕು. ಗಂಟುರೋಗದ ಕಣಗಳು ಧೂಳಿನಲ್ಲಿ ಬಹುಕಾಲ ಸಾಯದೆ ಉಳಿದು, ಕಾಲಿಗೂ ಬಟ್ಟೆಗೂ ತಟ್ಟೆಗೂ ಅಂಟಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಕಾರಣ ತಪ್ಪಾಗಿದ್ದರೂ ಕಟ್ಟು ಸರಿಯಾಗಿಯೇ ಇತ್ತು. ಈಗಲೂ ಇಲಾಖೆಯವರು ಹುಳುಮನೆಯ ಹೊಸ್ತಿಲಲ್ಲಿ ಸುಣ್ಣವನ್ನೂ ಚೆಲುವೆ ಪುಡಿಯನ್ನೂ ಹಾಕಿರೆಂದು ಹೇಳುತ್ತಾರೆ. ಆದರೆ ಹೊಸ್ತಿಲನ್ನು ಎಷ್ಟು ಕಾದರೂ, ತಾಯಿಯ ಹೊಟ್ಟೆಯಲ್ಲಿಯೇ ಒಳಗೆ ಬಂದ ರೋಗವನ್ನು ತಡೆಯಲಾಗುವುದಿಲ್ಲ. ಕಟ್ಟಿಗೂ ಪರೀಕ್ಷೆಗೂ ಇರುವ ಅಂತರ ಇದು.

ಬಿತ್ತನೆ ಕೋಠಿ ಎಂಬ ಮಾತನ್ನು ಈ ಸೀಮೆಯ ಯಾವ ಹಳ್ಳಿಯಲ್ಲಾದರೂ ಕೇಳಬಹುದು. ಅದರೊಳಗೆ ಹೋಗಿ ನೋಡಿದರೆ ಆಡಂಬರವೇನೂ ಇಲ್ಲ. ಮುಂಜಾನೆ ಗೂಡೊಡೆದು ಬಂದ ಚಿಟ್ಟೆಗಳನ್ನು ಜೋಡಿಗೆ ಬಿಟ್ಟು, ಕೆಲವು ಗಂಟೆಗಳ ಮೇಲೆ ಬೇರ್ಪಡಿಸಿ, ಹೆಣ್ಣುಗಳನ್ನು ಕಾಗದದ ಹಾಳೆಯ ಮೇಲೆ ಒಂದೊಂದಾಗಿ ಇರಿಸಿ, ಮೇಲೆ ಒಂದೊಂದು ಪುಟ್ಟ ಬಟ್ಟಲನ್ನು ಬೋರಲು ಹಾಕುತ್ತಾರೆ. ಮಾರನೆಯ ಬೆಳಿಗ್ಗೆ ಬಟ್ಟಲೆತ್ತಿದರೆ ಒಂದೊಂದು ಚಿಟ್ಟೆಯ ಸುತ್ತ ಸುಮಾರು 400 ಮೊಟ್ಟೆಗಳ ಒಂದು ವರ್ತುಲವಿರುತ್ತದೆ. ನಮ್ಮ ರೈತರು ಒಂದು ಮೊಟ್ಟೆ ಎಂದರೆ ಈ ಇಡೀ ವರ್ತುಲವೆಂದೇ ಅರ್ಥ. ನೂರು ಮೊಟ್ಟೆ ಸಾಕಿದ್ದೇವೆ ಎಂದರೆ ನಲವತ್ತು ಸಾವಿರ ಹುಳುಗಳ ಮಾತು. ಲೆಕ್ಕದ ಮೂಲಮಾನ ಒಬ್ಬ ತಾಯಿ. ಪಾಶ್ಚರನು ಪ್ರಯೋಗದಿಂದ ತಲುಪಿದ ಮೂಲಮಾನವೂ ಅದೇ.

ಆಮೇಲೆ ಪರೀಕ್ಷೆ. ಚಿಟ್ಟೆಯನ್ನು ಸಣ್ಣ ಒರಳಿನಲ್ಲಿ ಹಾಕಿ, ನೂರಕ್ಕೆ ಸುಮಾರು ಅರ್ಧ ಭಾಗದಷ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿದ ನೀರಿನಲ್ಲಿ ಅರೆಯುತ್ತಾರೆ. ಈ ಕ್ಷಾರವು ಜಿಡ್ಡನ್ನು ಕರಗಿಸುತ್ತದೆ. ಇಲ್ಲದಿದ್ದರೆ ಕೊಬ್ಬಿನ ಗುಂಡುಗಳೇ ರೋಗದ ಕಣಗಳಂತೆ ಹೊಳೆದು ಕಣ್ಣನ್ನು ವಂಚಿಸುತ್ತವೆ. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸುಮಾರು 600 ಪಟ್ಟು ದೊಡ್ಡದಾಗಿ ತೋರುವ ಯಂತ್ರದಲ್ಲಿ ನೋಡುತ್ತಾರೆ. ಒಂದು ಮಿಲಿಮೀಟರಿನ ಮುನ್ನೂರನೆಯ ಒಂದು ಭಾಗದಷ್ಟು ಉದ್ದದ, ಅಕ್ಕಿಕಾಳಿಗಿಂತ ದುಂಡಾದ, ತೆಳು ನೀಲಿಯ ಹೊಳಪಿನ ಕಣಗಳು ನಡುಗುತ್ತ ತೇಲುತ್ತಿದ್ದರೆ ಅದು ಗಂಟುರೋಗ. ಹೂವಿನ ಪರಾಗ, ಬೂಷ್ಟಿನ ಬೀಜ, ಚಿಟ್ಟೆಯ ಮೂತ್ರದ ಹರಳು ಇವೂ ಅಲ್ಲಿರುತ್ತವೆ. ಇವುಗಳನ್ನು ಬೇರ್ಪಡಿಸಿ ಗುರುತಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ದಿನಕ್ಕೆ ನೂರಾರು ಪಟ್ಟಿಗಳನ್ನು ನೋಡುವ ಒಬ್ಬ ನೌಕರನ ಅಥವಾ ನೌಕರಳ ಕಣ್ಣಿನ ಮೇಲೆ, ಕಣ್ಣು ದಣಿಯದೆ ಇರುವುದರ ಮೇಲೆ, ಎಷ್ಟೋ ಹಳ್ಳಿಗಳ ಮುಂದಿನ ತಿಂಗಳ ಅನ್ನವು ನಿಂತಿದೆ. ವ್ಯಾಪಾರದ ಬಿತ್ತನೆಯಲ್ಲಿ ಪ್ರತಿಯೊಂದು ತಾಯಿಯನ್ನೂ ನೋಡಲು ಆಳು ಸಾಲದೆ ತಂಡಕ್ಕೆ ಇಷ್ಟೆಂದು ಮಾದರಿ ತೆಗೆದು ನೋಡುವ ಪದ್ಧತಿ ಬಂದಿದೆ. ಮಾದರಿಯಲ್ಲಿ ಸಿಕ್ಕದ ರೋಗವು ಇಲ್ಲದ ರೋಗವೆಂದು ಅರ್ಥವಲ್ಲ.

ಇಲ್ಲಿ ಫ್ರಾನ್ಸಿಗೂ ಮೈಸೂರಿಗೂ ಇರುವ ಒಂದು ಭೇದವನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ತಳಿಗೆ ವರ್ಷಕ್ಕೆ ಒಂದೇ ಪೀಳಿಗೆ. ಬೇಸಗೆಯಲ್ಲಿ ಇಟ್ಟ ಮೊಟ್ಟೆ ಮುಂದಿನ ವಸಂತದವರೆಗೆ ಮಲಗಿರುತ್ತದೆ. ಸತ್ತ ಚಿಟ್ಟೆಯನ್ನು ಬಟ್ಟೆಯ ಮೂಲೆಗೆ ಸೂಜಿಯಿಂದ ಚುಚ್ಚಿಟ್ಟು ಚಳಿಗಾಲದಲ್ಲಿ ಬೆಂಕಿಯ ಮುಂದೆ ಕುಳಿತು ಸಾವಧಾನವಾಗಿ ಪರೀಕ್ಷಿಸಬಹುದು. ನಮ್ಮ ಮೈಸೂರು ತಳಿಯ ಮೊಟ್ಟೆ ಸುಮಾರು 10 ದಿನಗಳಲ್ಲಿ ಒಡೆಯುತ್ತದೆ. ಪರೀಕ್ಷೆ ಮುಗಿದಿರಲಿ, ಬಿಡಲಿ, ಅದು ಕಾಯುವುದಿಲ್ಲ. ವಿದೇಶದ ವಿಧಾನವನ್ನು ಇಲ್ಲಿ ತಂದವರು ಅದನ್ನು ತಿಂಗಳುಗಳಿಂದ ದಿನಗಳಿಗೆ ಇಳಿಸಬೇಕಾಯಿತು. ಶಾಸ್ತ್ರವು ಒಂದೇ ಆದರೂ ಹವೆಯು ಅದರ ಗಡಿಯಾರವನ್ನು ಬದಲಾಯಿಸುತ್ತದೆ.

ಪರೀಕ್ಷೆಯನ್ನು ರೈತರು ಒಪ್ಪಿದ್ದು ಉಪದೇಶದಿಂದಲ್ಲ. ತನ್ನ ಹಣದಿಂದ ತಂದ ಗೂಡಿನ ಮೊಟ್ಟೆಗಳನ್ನು, ತಾನು ಕಾಣದ ಏನನ್ನೋ ಕಂಡೆನೆಂದು ಹೇಳುವ ಅಧಿಕಾರಿಯ ಮಾತಿನ ಮೇಲೆ ಬೆಂಕಿಗೆ ಹಾಕಲು ಯಾರು ಒಪ್ಪುತ್ತಾರೆ? ಸರ್ಕಾರದವರು ಬಿತ್ತನೆ ಕೋಠಿಗಳನ್ನು ತೆರೆದು, ಖಾಸಗಿಯವರಿಗೆ ಸಹಾಯಧನ ಕೊಟ್ಟು ತೆರೆಸಿ, ರೋಗರಹಿತ ಮೊಟ್ಟೆಗಳನ್ನು ಕೈಗೆಟುಕುವಂತೆ ಮಾಡಿದ ಮೇಲೆ, ಸುಡುವ ನಷ್ಟವು ರೈತನ ಹೆಗಲಿನಿಂದ ಕೋಠಿಯ ಹೆಗಲಿಗೆ ಸರಿಯಿತು. ಆಗ ನೆರೆಮನೆಯ ಚಂದ್ರಿಕೆ ತುಂಬಿದ್ದನ್ನು ನೋಡಿ ಉಳಿದವರೂ ಬಂದರು. ಪರವಾನಗಿಯಿಲ್ಲದೆ ಬಿತ್ತನೆ ತಯಾರಿಸಬಾರದೆಂಬ ಕಟ್ಟುನಿಟ್ಟಾದ ಶಾಸನವು ಮೈಸೂರು ರಾಜ್ಯದಲ್ಲಿ 1959ರಲ್ಲಿ ಬಂದಿತು. ನಷ್ಟ ಯಾರದು ಎಂಬ ಪ್ರಶ್ನೆ ಮೊದಲು ಇತ್ಯರ್ಥವಾಗಿ, ಕಾನೂನು ಅದರ ಹಿಂದೆ ಬಂದದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ.

ಇನ್ನು ಮನುಷ್ಯನ ವಿಷಯ. ಪಾಶ್ಚರನು ಹುಳುಗಳಿಗೆ ಪರೀಕ್ಷೆಯನ್ನು ಕಂಡುಹಿಡಿಯುತ್ತಿದ್ದ ಕಾಲದಲ್ಲಿಯೇ, 1866ರ ಮೇ ತಿಂಗಳಲ್ಲಿ, ಅವನ 12 ವರ್ಷದ ಮಗಳು ಸೆಸಿಲ್ ವಿಷಮಶೀತಜ್ವರದಿಂದ ತೀರಿಕೊಂಡಳು. ಅದಕ್ಕೆ 7 ವರ್ಷ ಹಿಂದೆ ಹಿರಿಯ ಮಗಳು ಅದೇ ಜ್ವರದಿಂದ ಹೋಗಿದ್ದಳು. ಹುಳುವಿನ ಮೊಟ್ಟೆಯ ಭವಿಷ್ಯವನ್ನು ಒಂದು ವರ್ಷ ಮುಂಚಿತವಾಗಿ ಬರೆಯಬಲ್ಲವನಿಗೆ ತನ್ನ ಮಗುವಿನ ಜ್ವರ ಯಾವುದೆಂದು ರಕ್ತದಿಂದ ತಿಳಿಯುವ ಮಾರ್ಗ ಇರಲಿಲ್ಲ. ಆ ಮಾರ್ಗವನ್ನು ವಿದಾಲ್ ಎಂಬ ಫ್ರೆಂಚ್ ವೈದ್ಯನು ತೋರಿಸಿದ್ದು 1896ರಲ್ಲಿ. ಪಾಶ್ಚರನು ಸತ್ತ ಮರುವರ್ಷ. ಜ್ವರಪೀಡಿತನ ರಕ್ತದ ತಿಳಿಯನ್ನು ಆ ಜ್ವರದ ಕ್ರಿಮಿಗಳಿಗೆ ಸೇರಿಸಿದರೆ ಅವು ಒಟ್ಟುಗೂಡಿ ಗುಂಪುಗಟ್ಟುತ್ತವೆ ಎಂಬುದು ಅದರ ತತ್ತ್ವ.

ನಮ್ಮ ಪಟ್ಟಣಗಳಲ್ಲಿ ಈ ಪರೀಕ್ಷೆಯ ಹೆಸರು ಕೇಳದವರಿಲ್ಲ. ಇದನ್ನು ತಪ್ಪಾಗಿ ಓದುವವರೂ ಅಷ್ಟೇ ಹೆಚ್ಚು. ತಾಯಿ ಚಿಟ್ಟೆಯಲ್ಲಿ ನಾವು ನೋಡುವುದು ರೋಗದ ಕ್ರಿಮಿಯನ್ನು. ವಿದಾಲ್ ಪರೀಕ್ಷೆಯಲ್ಲಿ ನೋಡುವುದು ಕ್ರಿಮಿಗೆ ದೇಹವು ಕೊಟ್ಟ ಪ್ರತ್ಯುತ್ತರವನ್ನು. ಆ ಜ್ವರವು ಸದಾ ಸುಳಿದಾಡುವ ಸೀಮೆಯಲ್ಲಿ ವಾಸಿಸುವವನ ರಕ್ತವು ಎಂದೋ ಆದ ಸೋಂಕಿಗೆ, ಅಥವಾ ಹಾಕಿಸಿಕೊಂಡ ಲಸಿಕೆಗೆ, ಇಂದೂ ಪ್ರತ್ಯುತ್ತರ ಕೊಡುತ್ತಿರಬಹುದು. ಮಲೇರಿಯದಿಂದ ಬಂದ ಜ್ವರದಲ್ಲಿಯೂ ಗುಂಪುಗಟ್ಟಬಹುದು. ಜ್ವರದ ಮೊದಲ ವಾರದಲ್ಲಿ ರೋಗವಿದ್ದರೂ ಗುಂಪುಗಟ್ಟದಿರಬಹುದು. ರಕ್ತದಿಂದ ಕ್ರಿಮಿಯನ್ನೇ ಬೆಳೆಸಿ ನೋಡುವ ಪರೀಕ್ಷೆ ಇದಕ್ಕಿಂತ ನಂಬಲರ್ಹ. ಅದಕ್ಕೆ ದಿನಗಳು ಬೇಕು, ಮತ್ತು ಔಷಧ ನುಂಗುವ ಮೊದಲು ರಕ್ತ ತೆಗೆಯಬೇಕು. ಕಣವು ರೋಗದ ತಂದೆಯೋ ಮಗುವೋ ಎಂದು ಪಾಶ್ಚರನು ಎರಡು ವರ್ಷ ತಡವರಿಸಿದನಲ್ಲವೇ? ಕಾಗದದಲ್ಲಿ ಬರೆದ ಒಂದು ಅಂಕೆಯನ್ನು ನೋಡಿ ಎರಡು ನಿಮಿಷದಲ್ಲಿ ನಿರ್ಣಯಕ್ಕೆ ಬರುವ ನಾವು ಅವನಿಗಿಂತ ಬುದ್ಧಿವಂತರಲ್ಲ.

ಕ್ಷಯರೋಗದ ಚರಿತ್ರೆ ಹುಳುವಿನ ಚರಿತ್ರೆಗೆ ಹೆಚ್ಚು ಹತ್ತಿರವಾದದ್ದು. ಇಲ್ಲಿಯೂ ಕಣ್ಣಿನಿಂದ ಕ್ರಿಮಿಯನ್ನೇ ನೋಡಬಹುದು. ರೋಗಿಯ ಕಫವನ್ನು ಗಾಜಿನ ಪಟ್ಟಿಗೆ ಸವರಿ, ಕೆಂಪು ಬಣ್ಣ ಹಚ್ಚಿ ಕಾಯಿಸಿ, ಆಮ್ಲದಿಂದ ತೊಳೆದರೆ ಉಳಿದವೆಲ್ಲ ಬಣ್ಣ ಬಿಡುತ್ತವೆ, ಕ್ಷಯದ ಕ್ರಿಮಿ ಮಾತ್ರ ಬಿಡುವುದಿಲ್ಲ. ಕಫದ ಒಂದು ಮಿಲಿಲೀಟರಿನಲ್ಲಿ ಐದು ಹತ್ತು ಸಾವಿರ ಕ್ರಿಮಿಗಳಾದರೂ ಇದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಆದರೆ ಅಷ್ಟು ಇರುವವನೇ ಮನೆಯವರಿಗೆ ಹೆಚ್ಚಾಗಿ ಅಂಟಿಸುವವನು. ಚಿಂತಾಮಣಿಯಿಂದ ಗಡಿ ದಾಟಿ ಹೋದರೆ ಸಿಗುವ ಮದನಪಲ್ಲಿಯ ಬಳಿ 1915ರಲ್ಲಿ ಡೆನ್ಮಾರ್ಕಿನ ವೈದ್ಯ ಫ್ರಿಮೊಟ್ ಮೊಲ್ಲರ್‌ರವರು ಆರೋಗ್ಯವರಂ ಎಂಬ ಕ್ಷಯರೋಗಾಸ್ಪತ್ರೆಯನ್ನು ತೆರೆದಿದ್ದರು. ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯಾದ ಆಹಾರ ಇವೇ ಆಗಿನ ಚಿಕಿತ್ಸೆ. ತಿಂಗಳುಗಟ್ಟಲೆ ಗದ್ದೆ ಹೊಲ ಬಿಟ್ಟು ಮಲಗಲು ಎಲ್ಲರಿಗೂ ಸಾಧ್ಯವಿರಲಿಲ್ಲ. ಔಷಧಗಳು ಬಂದ ಮೇಲೆ ಪ್ರಶ್ನೆ ಬೇರೆಯಾಯಿತು: ಲಕ್ಷಾಂತರ ಹಳ್ಳಿಗಳಲ್ಲಿ ಚೆದುರಿರುವ ರೋಗಿಗಳನ್ನು ಹುಡುಕುವುದು ಹೇಗೆ?

1960ರ ಸೆಪ್ಟೆಂಬರ್ 16ರಂದು ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಜವಾಹರಲಾಲ್ ನೆಹರೂರವರು ಉದ್ಘಾಟಿಸಿದರು. ಹಳ್ಳಿಯವರಿಗೆ ತಮ್ಮ ರೋಗದ ಅರಿವಿರುವುದಿಲ್ಲ, ಮನೆ ಮನೆಗೂ ಹೋಗಿ ಎದೆಯ ಕ್ಷಕಿರಣದ ಚಿತ್ರ ತೆಗೆದೇ ಅವರನ್ನು ಪತ್ತೆಹಚ್ಚಬೇಕು ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಸಂಸ್ಥೆಯವರು ಗೌರಿಬಿದನೂರಿನ ಗಡಿಗೆ ಹೊಂದಿದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಕಂಡು ವಿಚಾರಿಸಿದರು. ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಎಂಬ ಇಬ್ಬರು 1963ರಲ್ಲಿ ಪ್ರಕಟಿಸಿದ ಆ ಶೋಧನೆಯ ಫಲ ವಿದ್ಯಾವಂತರಿಗೆ ಮುಖಭಂಗ ಮಾಡುವಂಥದ್ದು. ಕಫದಲ್ಲಿ ಕ್ರಿಮಿಯಿದ್ದ ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಕೆಮ್ಮಿನ ಅರಿವಿತ್ತು, ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಯಾರೂ ಹೇಳದೆಯೇ ಯಾವುದಾದರೊಂದು ಆಸ್ಪತ್ರೆಯ ಬಾಗಿಲಿಗೆ ನಡೆದುಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸೀಸೆಯಲ್ಲಿ ಕೆಮ್ಮಿನ ಔಷಧ. ಕಫವನ್ನು ಗಾಜಿಗೆ ಸವರಿ ನೋಡಿದವರು ಇರಲಿಲ್ಲ.

1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಈ ಅನುಭವದ ಮೇಲೆಯೇ ಕಟ್ಟಲ್ಪಟ್ಟಿತು. ಜಿಲ್ಲೆಗೊಂದು ಕೇಂದ್ರ, ಅದರ ಕೆಳಗೆ ತಾಲ್ಲೂಕಿನ ಮತ್ತು ಹಳ್ಳಿಯ ಸಾಮಾನ್ಯ ಆಸ್ಪತ್ರೆಗಳಲ್ಲಿ ಒಂದು ಸೂಕ್ಷ್ಮದರ್ಶಕ, ಬಣ್ಣದ ಸೀಸೆಗಳು, ಗಾಜಿನ ಪಟ್ಟಿಗಳು, ತರಬೇತಿ ಪಡೆದ ಒಬ್ಬ ನೌಕರ. ಬಿತ್ತನೆ ಕೋಠಿಯ ಮೇಜಿನ ಮೇಲೆ ಅದಕ್ಕಿಂತ ಎಷ್ಟೋ ಮೊದಲೇ ಇದ್ದ ಸಾಮಗ್ರಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.